ಜೇಡ್ ಗಿಡಕ್ಕೆ ಜೇಡಿಮಣ್ಣು ಬೇಡ

ಗೃಹಪ್ರವೇಶ, ಮದುವೆ, ನಿವೃತ್ತಿ ಸಮಾರಂಭಗಳಲ್ಲಿ ಗೋಡೆ ಗಡಿಯಾರ, ಸ್ಟೀಲ್ ಡಬ್ಬಿ ಕೊಡುವ ಕಾಲ ಹಿಂದೆ ಸರಿಯುತ್ತಿದೆ. ಈಗ ಅಂಗೈಯಗಲದ ಕುಂಡದಲ್ಲಿ ಒಂದು ಪುಟ್ಟ ಗಿಡ ಉಡುಗೊರೆಯಾಗಿ ಬರುತ್ತದೆ. ಅವುಗಳಲ್ಲಿ ಬಹಳಷ್ಟು ಜೇಡ್ ಗಿಡಗಳು. ದಪ್ಪ ದಪ್ಪ ಎಲೆ, ಗಟ್ಟಿಯಾದ ಕಾಂಡ. ನೋಡಿದರೆ ಯಾವುದೋ ದೊಡ್ಡ ಮರವನ್ನು ಮಡಚಿ ಕುಂಡದಲ್ಲಿ ಇಟ್ಟಂತೆ ಕಾಣುತ್ತದೆ. ಮನೆಗೆ ಬಂದ ಗಿಡ ಆರು ತಿಂಗಳು ಚೆನ್ನಾಗಿಯೇ ಇರುತ್ತದೆ. ಆಮೇಲೆ ಒಂದು ಮಳೆಗಾಲದಲ್ಲಿ ಎಲೆ ಉದುರಿ, ಬುಡ ಮೆತ್ತಗಾಗಿ, ಒಂದು ದಿನ ಮಗ್ಗುಲಾಗಿ ಮಲಗಿಬಿಡುತ್ತದೆ. "ನಮ್ಮ ಮನೆಗೆ ಗಿಡ ಬರಕತ್ತಾಗಲ್ಲ" ಎಂದು ಮನೆಯವರು ಕುಂಡವನ್ನು ಹಿತ್ತಿಲಿಗೆ ಒಯ್ದಿಡುತ್ತಾರೆ.

ನವಲಗುಂದದ ನಮ್ಮ ಮನೆಯ ಮಾಳಿಗೆಯ ಮೇಲೆ ಸಣ್ಣ ದೊಡ್ಡ ಸೇರಿ ಜೇಡ್ ಗಿಡದ ಹದಿನಾರು ಕುಂಡಗಳಿವೆ. ಅವುಗಳಲ್ಲಿ ಏಳನ್ನು ಬೋನ್ಸಾಯ್ ಮಾಡಿದ್ದೇನೆ. ಓಣಿಯ ಮಕ್ಕಳೂ ಅವರ ತಾಯಂದಿರೂ ಬಂದು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಅವಕ್ಕೆಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಜೇಡ್ ಗಿಡ ಉಪವಾಸದಿಂದ ಸಾಯುವುದು ಅಪರೂಪ. ಅದು ಸಾಯುವುದು ಅತಿಯಾದ ಉಪಚಾರದಿಂದ.

ಒಂದೇ ಹೆಸರು, ಎರಡು ಗಿಡ

ನಮ್ಮ ನರ್ಸರಿಗಳಲ್ಲಿ ಜೇಡ್ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಗಿಡಗಳನ್ನು ಮಾರುತ್ತಾರೆ. ಎರಡರ ತವರೂ ದಕ್ಷಿಣ ಆಫ್ರಿಕದ ಕಡೆ. ಮೊದಲನೆಯದರ ಶಾಸ್ತ್ರೀಯ ಹೆಸರು ಕ್ರಾಸುಲಾ ಓವಾಟಾ. ಲ್ಯಾಟಿನ್ ಭಾಷೆಯಲ್ಲಿ 'ಕ್ರಾಸಸ್' ಎಂದರೆ ದಪ್ಪ, 'ಓವಾಟಾ' ಎಂದರೆ ತತ್ತಿಯ ಆಕಾರದ್ದು. ಎಲೆ ಹೆಬ್ಬೆರಳಿನಷ್ಟು ದೊಡ್ಡದು, ಹೊಳಪಿನದು. ಜೇಡ್ ಎಂಬ ಹಸಿರು ಕಲ್ಲಿನ ಬಣ್ಣವನ್ನು ಹೋಲುವುದರಿಂದ ಆ ಹೆಸರು ಬಂತು.

ಎರಡನೆಯದು ಪೋರ್ಟುಲಕೇರಿಯಾ ಆಫ್ರಾ. ಇದರ ಎಲೆ ಸಣ್ಣದು, ಕಿರುಬೆರಳಿನ ಉಗುರಿನಷ್ಟು. ಎಳೆಯ ಟೊಂಗೆ ಕೆಂಪುಗಂದು ಬಣ್ಣ. ನಮ್ಮ ಹೊಲದಲ್ಲಿ ತಾನಾಗಿ ಬೆಳೆಯುವ ಗೋಳಿ ಸೊಪ್ಪನ್ನು ಕಂಡವರಿಗೆ ಇದರ ಎಲೆ ಪರಿಚಿತ ಎನ್ನಿಸುತ್ತದೆ. ಗೋಳಿ ಸೊಪ್ಪಿನ ಶಾಸ್ತ್ರೀಯ ಹೆಸರು ಪೋರ್ಟುಲಕಾ. ಅದನ್ನು ಹೋಲುವುದರಿಂದಲೇ ಇದು ಪೋರ್ಟುಲಕೇರಿಯಾ. ದಕ್ಷಿಣ ಆಫ್ರಿಕದ ಜನ ಇದನ್ನು 'ಸ್ಪೆಕ್‌ಬೂಮ್' ಎನ್ನುತ್ತಾರೆ, ಕೊಬ್ಬಿನ ಮರ ಎಂದು ಅರ್ಥ. ಆನೆಗಳಿಗೆ ಇದು ಅಚ್ಚುಮೆಚ್ಚು. 1931ರಲ್ಲಿ ಸ್ಥಾಪನೆಯಾದ ಅಲ್ಲಿನ ಅಡ್ಡೋ ಆನೆ ರಾಷ್ಟ್ರೀಯ ಉದ್ಯಾನದ ಕುರುಚಲು ಕಾಡಿನಲ್ಲಿ ಆನೆಗಳ ಮುಖ್ಯ ಮೇವುಗಳಲ್ಲಿ ಇದೂ ಒಂದು.

ಬೋನ್ಸಾಯ್ ಮಾಡಲು ಎರಡನೆಯದೇ ಉತ್ತಮ. ಅದಕ್ಕೆ ಕಾರಣ ಸರಳ. ಒಂದು ಗೇಣು ಎತ್ತರದ ಮರದಲ್ಲಿ ಹೆಬ್ಬೆರಳ ಗಾತ್ರದ ಎಲೆ ಇದ್ದರೆ, ಚಿಕ್ಕ ಹುಡುಗನಿಗೆ ದೊಡ್ಡವರ ಅಂಗಿ ಹಾಕಿದಂತೆ ಕಾಣುತ್ತದೆ. ಎಲೆ ಸಣ್ಣದಿದ್ದರೆ ಗಿಡ ಮರದಂತೆ ಕಾಣುತ್ತದೆ. ಕೊಳ್ಳುವಾಗ 'ಸಣ್ಣೆಲೆಯ ಜೇಡ್' ಎಂದು ಕೇಳಿ, ಟೊಂಗೆಯ ಬಣ್ಣ ನೋಡಿ ತನ್ನಿ.

ಸಾಕುಪ್ರಾಣಿ ಇರುವ ಮನೆಯವರಿಗೆ ಒಂದು ಎಚ್ಚರಿಕೆ. ದೊಡ್ಡೆಲೆಯ ಕ್ರಾಸುಲಾ ನಾಯಿ, ಬೆಕ್ಕುಗಳ ಹೊಟ್ಟೆಗೆ ಆಗದು, ವಾಂತಿ ಮಾಡಿಕೊಳ್ಳುತ್ತವೆ. ಮಕ್ಕಳೂ ಅದರ ಎಲೆಯನ್ನು ಬಾಯಿಗೆ ಹಾಕಬಾರದು. ಸಣ್ಣೆಲೆಯದು ಆನೆ, ಆಡುಗಳಿಗೆ ಮೇವು. ಹಾಗಾಗಿ ಅದನ್ನು ಓಣಿಯ ಆಡುಗಳಿಂದ ಕಾಯಬೇಕು! ಕಟ್ಟೆಯ ಮೇಲಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಬೋಳಾಗುತ್ತದೆ.

ರಾತ್ರಿ ಪಾಳಿಯ ಕೆಲಸಗಾರ

ಜೇಡ್ ಗಿಡಕ್ಕೆ ನೀರು ಯಾಕೆ ಕಡಿಮೆ ಸಾಕು ಎಂಬುದನ್ನು ತಿಳಿದರೆ ಉಳಿದ ಆರೈಕೆ ತಾನಾಗಿ ತಿಳಿಯುತ್ತದೆ.

ಎಲ್ಲ ಗಿಡಗಳ ಎಲೆಯಲ್ಲೂ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ. ಪತ್ರರಂಧ್ರ ಎಂದು ಶಾಲೆಯ ಪುಸ್ತಕದಲ್ಲಿ ಓದಿರುತ್ತೀರಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದು ಈ ಬಾಗಿಲಿನಿಂದಲೇ. ಆದರೆ ಬಾಗಿಲು ತೆರೆದಾಗ ಎಲೆಯ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಜೋಳ, ಬೇವು, ಮಾವು ಎಲ್ಲ ಹಗಲಿನಲ್ಲಿ ಬಾಗಿಲು ತೆರೆಯುತ್ತವೆ. ಮರುಭೂಮಿಯಂಥ ಕಡೆ ಹುಟ್ಟಿದ ಕ್ರಾಸುಲಾ ಜಾಣತನ ಮಾಡಿತು. ಬಿಸಿಲಿನ ಹೊತ್ತು ಬಾಗಿಲು ಮುಚ್ಚಿ, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ರಾತ್ರಿ ಒಳಗೆ ಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯಾದ ಆಮ್ಲದ ರೂಪದಲ್ಲಿ ಎಲೆಯಲ್ಲಿ ಕೂಡಿಡುತ್ತದೆ. ಬೆಳಗಾಗಿ ಬಿಸಿಲು ಬಂದ ಮೇಲೆ ಬಾಗಿಲು ಹಾಕಿಕೊಂಡು, ಕೂಡಿಟ್ಟಿದ್ದನ್ನು ತೆಗೆದು ಆಹಾರ ಮಾಡಿಕೊಳ್ಳುತ್ತದೆ. ರಾತ್ರಿ ಜಮಾ, ಹಗಲು ಖರ್ಚು. ಸಣ್ಣೆಲೆಯ ಜೇಡ್ ಇನ್ನೂ ಹುಷಾರು. ನೀರು ಧಾರಾಳವಾಗಿದ್ದರೆ ಬೇರೆ ಗಿಡಗಳಂತೆ ಹಗಲಿನಲ್ಲೇ ಕೆಲಸ ಮಾಡುತ್ತದೆ, ಬರ ಬಿದ್ದರೆ ರಾತ್ರಿ ಪಾಳಿಗೆ ಹೋಗುತ್ತದೆ.

ಈ ಗುಟ್ಟು ಲೋಕಕ್ಕೆ ತಿಳಿದ ಕಥೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಇನ್ನೂರು ವರ್ಷಗಳ ಹಿಂದೆ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞ ಈಸ್ಟ್ ಇಂಡಿಯಾ ಕಂಪನಿಯ ಕೆಲಸದಲ್ಲಿ ದಕ್ಷಿಣ ಭಾರತದಲ್ಲಿದ್ದ. ಬೆಂಗಳೂರಿನ ಲಾಲ್‌ಬಾಗ್‌ನ ಉಸ್ತುವಾರಿಯನ್ನೂ ಕೆಲ ವರ್ಷ ನೋಡಿಕೊಂಡಿದ್ದ. ನಮ್ಮಲ್ಲಿ ಕಾಡುಬಸಳೆ ಎನ್ನುವ, ಎಲೆಯ ಅಂಚಿನಲ್ಲೇ ಮರಿ ಮಾಡುವ ಗಿಡದ ಎಲೆ ಬೆಳಿಗ್ಗೆ ಬಹಳ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ಕೊಂಚ ಕಹಿ ಎಂಬುದನ್ನು ಅವನು ಗಮನಿಸಿದ. ಆ ವಿಷಯವನ್ನು ಇಂಗ್ಲೆಂಡಿಗೆ ಪತ್ರ ಬರೆದು ತಿಳಿಸಿದ. ಅದು 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾಡುಬಸಳೆಯೂ ಕ್ರಾಸುಲಾದ ಕುಟುಂಬಕ್ಕೆ ಸೇರಿದ್ದೇ. ಮುಂದೆ ವಿಜ್ಞಾನಿಗಳು ಈ ರಾತ್ರಿ ವ್ಯವಹಾರಕ್ಕೆ ಆ ಕುಟುಂಬದ ಹೆಸರನ್ನೇ ಇಟ್ಟರು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಬಿಡೋಣ. 'ಜೇಡ್ ಗಿಡ ರಾತ್ರಿ ಆಮ್ಲಜನಕ ಕೊಡುತ್ತದೆ, ಹಾಸಿಗೆಯ ಪಕ್ಕ ಇಡಿ' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ತಿರುಗುತ್ತಿರುತ್ತದೆ. ಅದು ರಾತ್ರಿ ಒಳಗೆ ತೆಗೆದುಕೊಳ್ಳುವುದು ಇಂಗಾಲದ ಡೈಆಕ್ಸೈಡ್. ಆಮ್ಲಜನಕ ತಯಾರಾಗುವುದು ಬೆಳಕಿದ್ದಾಗ ಮಾತ್ರ. ಮಲಗುವ ಕೋಣೆಯ ಕತ್ತಲೆಯಲ್ಲಿಟ್ಟರೆ ಗಿಡ ಸೊರಗುತ್ತದೆ. ಅದಕ್ಕೆ ದಿನಕ್ಕೆ ನಾಲ್ಕೈದು ತಾಸಾದರೂ ಬಿಸಿಲು ಬೇಕು.

ಎರಿ ಮಣ್ಣಿನ ನಾಡಿನಲ್ಲಿ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಎಂದರೆ ಎರಿ ಮಣ್ಣು. ಹತ್ತಿ, ಕಡಲೆ, ಬಿಳಿಜೋಳ, ಒಣಮೆಣಸಿನಕಾಯಿಗೆ ಬಂಗಾರದಂಥ ಭೂಮಿ. ಮಳೆ ಬಿದ್ದರೆ ಉಬ್ಬಿ ಕಾಲಿಗೆ ಮೆತ್ತುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಒಮ್ಮೆ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವುದೇ ಅದರ ದೊಡ್ಡ ಗುಣ. ಹಿಂಗಾರಿ ಕಡಲೆ ಮಳೆಯಿಲ್ಲದೆ ಬೆಳೆಯುವುದು ಆ ಗುಣದಿಂದಲೇ.

ಜೇಡ್ ಗಿಡಕ್ಕೆ ಮಾತ್ರ ಅದೇ ಗುಣ ಮುಳ್ಳಾಗುತ್ತದೆ. ಎಲೆಯಲ್ಲಿ ನೀರು ಕೂಡಿಟ್ಟುಕೊಂಡ ಗಿಡದ ಬೇರು ಸದಾ ಹಸಿಯಲ್ಲಿ ನಿಂತರೆ ಉಸಿರಾಡಲು ಗಾಳಿ ಸಿಗದೆ ಕೊಳೆಯುತ್ತದೆ. ಆದ್ದರಿಂದ ಜೇಡ್ ಗಿಡಕ್ಕೆ ಜೇಡಿಮಣ್ಣು ಬೇಡ, ಎರಿ ಮಣ್ಣಂತೂ ಬೇಡವೇ ಬೇಡ. ಹೊಲದ ಮಣ್ಣು ತಂದು ತುಂಬುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಗಿಡ ಸಾಯುವುದಕ್ಕೆ ಮೊದಲ ಕಾರಣವೂ ಅದೇ.

ನಾನು ಬಳಸುವ ಮಿಶ್ರಣ ಹೀಗಿದೆ. ಗರಸು ಅಥವಾ ಇಟ್ಟಂಗಿ, ಹಂಚಿನ ಚೂರು ಎರಡು ಪಾಲು. ದಪ್ಪ ಉಸುಕು ಒಂದು ಪಾಲು. ಚೆನ್ನಾಗಿ ಕಳಿತು ಒಣಗಿದ ತಿಪ್ಪೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು. ಒಡೆದ ಮಂಗಳೂರು ಹಂಚು ಹಳೆಯ ಮನೆಗಳ ಹಿತ್ತಿಲಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಗೋಣಿಚೀಲದಲ್ಲಿ ಹಾಕಿ ಕುಟ್ಟಿ, ಜೋಳದ ಕಾಳಿನಿಂದ ಕಡಲೆಕಾಳಿನವರೆಗಿನ ಗಾತ್ರದ್ದನ್ನು ಇಟ್ಟುಕೊಂಡು, ಸಾಣಿಗೆಯಲ್ಲಿ ಧೂಳನ್ನು ಹಿಡಿದು ಚೆಲ್ಲಬೇಕು. ಧೂಳು ಉಳಿದರೆ ಅದೇ ಕೆಳಗಿಳಿದು ಕೆಸರಾಗುತ್ತದೆ. ಮಿಶ್ರಣ ಸರಿಯಿದೆಯೇ ಎಂದು ನೋಡಲು ಒಂದು ಚರಗಿ ನೀರು ಸುರಿಯಿರಿ. ಮೇಲೆ ನಿಲ್ಲದೆ ಆಗಲೇ ಕೆಳಗಿನ ತೂತಿನಿಂದ ಹೊರಬಂದರೆ ಸರಿ.

ನಮ್ಮ ಭಾಗದ ಇನ್ನೊಂದು ತೊಂದರೆ ಸವುಳು ನೀರು. ನವಲಗುಂದದ ಕಡೆಯ ಬೋರಿನ ನೀರು ಉಪ್ಪು. ಕೆಲ ತಿಂಗಳು ಅದನ್ನೇ ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಟ್ಟುತ್ತದೆ. ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಹತ್ತಾರು ಕುಂಡಗಳಿಗೆ ಬಹಳ ದಿನ ಸಾಕಾಗುತ್ತದೆ. ಕುಡಿಯುವ ನೀರಿಗೆ ಕೆರೆಯನ್ನೇ ನೆಚ್ಚಿದ ಊರು ನಮ್ಮದು. ಸಿಹಿನೀರಿನ ಬೆಲೆ ಇಲ್ಲಿ ಮಕ್ಕಳಿಗೂ ಗೊತ್ತು. ಅಂಥ ಊರಿನಲ್ಲಿ ಮನೆಯ ಮುಂದೆ ಹಸಿರು ಬೇಕು ಎನ್ನುವವರಿಗೆ, ವಾರಕ್ಕೆ ಒಂದು ಲೋಟ ನೀರಿನಲ್ಲಿ ಬದುಕುವ ಈ ಗಿಡಕ್ಕಿಂತ ಒಳ್ಳೆಯದು ಯಾವುದಿದೆ?

ಟೊಂಗೆಯಿಂದ ಗಿಡ

ಜೇಡ್ ಗಿಡವನ್ನು ಕೊಳ್ಳಲೇಬೇಕೆಂದಿಲ್ಲ. ಗೊತ್ತಿದ್ದವರ ಮನೆಯಲ್ಲಿ ಒಂದು ಟೊಂಗೆ ಕೇಳಿ. ಪೆನ್ಸಿಲ್ ದಪ್ಪದಿಂದ ಹೆಬ್ಬೆರಳ ದಪ್ಪದವರೆಗೆ ಯಾವುದಾದರೂ ಆದೀತು. ದಪ್ಪ ಟೊಂಗೆ ಸಿಕ್ಕರೆ ಎರಡು ಮೂರು ವರ್ಷ ಉಳಿದಂತೆ.

ಸ್ವಚ್ಛವಾದ ಕತ್ತರಿಯಿಂದ ಕತ್ತರಿಸಿ, ಕೆಳಗಿನ ಎರಡು ಮೂರು ಅಂಗುಲದಷ್ಟು ಎಲೆ ತೆಗೆಯಿರಿ. ಈಗ ಎಲ್ಲರೂ ಅವಸರ ಮಾಡುವ ಘಟ್ಟ. ಆಗಲೇ ನೆಡಬೇಡಿ. ನೆರಳಿನಲ್ಲಿ ಒಂದು ವಾರ ಹಾಗೇ ಇಡಿ. ಮೊಣಕಾಲು ತರಚಿದಾಗ ಗಾಯಕ್ಕೆ ಹಕ್ಕಳೆ ಕಟ್ಟುತ್ತದಲ್ಲ, ಹಾಗೆಯೇ ಕತ್ತರಿಸಿದ ಜಾಗ ಒಣಗಿ ಗಟ್ಟಿಯಾಗಬೇಕು. ಹಸಿ ಗಾಯವನ್ನು ಹಸಿ ಮಣ್ಣಿಗಿಟ್ಟರೆ ಕೊಳೆಯುತ್ತದೆ. ವಾರದ ನಂತರ ಒಣ ಮಿಶ್ರಣದಲ್ಲಿ ನೆಟ್ಟು, ಅಲುಗಾಡದಂತೆ ಒಂದು ಕಡ್ಡಿಗೆ ಕಟ್ಟಿ. ಮತ್ತೆ ನಾಲ್ಕೈದು ದಿನ ಬಿಟ್ಟು ಸ್ವಲ್ಪ ನೀರು ಚಿಮುಕಿಸಿ. ಮೂರು ನಾಲ್ಕು ವಾರಕ್ಕೆ ಬೇರು ಬಿಡುತ್ತದೆ. ಮೆಲ್ಲಗೆ ಎಳೆದರೆ ಟೊಂಗೆ ಹಿಡಿದು ನಿಂತರೆ ಬೇರು ಬಂದಿದೆ ಎಂದು ಅರ್ಥ. ದೊಡ್ಡೆಲೆಯ ಜೇಡ್ ಒಂದೇ ಎಲೆಯಿಂದಲೂ ಹುಟ್ಟುತ್ತದೆ. ಮಕ್ಕಳಿಗೆ ಅದು ಒಳ್ಳೆಯ ಪ್ರಯೋಗ, ಆದರೆ ಮರ ಆಗಲು ಬಹಳ ವರ್ಷ ಬೇಕು.

ಗಿಡ ಮರದಂತಾಗುವುದು ಹೇಗೆ?

ಬೋನ್ಸಾಯ್ ಜಪಾನೀ ಮಾತು. 'ಬೋನ್' ಎಂದರೆ ತಟ್ಟೆಯಂಥ ಕುಂಡ, 'ಸಾಯ್' ಎಂದರೆ ನೆಡುವುದು. ಈ ಕಲೆ ಹುಟ್ಟಿದ್ದು ಚೀನಾದಲ್ಲಿ, ಬೆಳೆದದ್ದು ಜಪಾನಿನಲ್ಲಿ. ನಮ್ಮಲ್ಲಿ ಕುಬ್ಜ ಮರ, ವಾಮನ ವೃಕ್ಷ ಎನ್ನುತ್ತಾರೆ. ಕರ್ನಾಟಕದಲ್ಲಿ ನೋಡಬೇಕೆಂದರೆ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಬೋನ್ಸಾಯ್ ಉದ್ಯಾನವಿದೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನವಿದೆ. ಶಾಲೆಯ ಪ್ರವಾಸ ಆ ಕಡೆ ಹೋದರೆ ತಪ್ಪದೆ ನೋಡಿ.

ಜೇಡ್ ಗಿಡದಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಒಂದು ಜೋಡಿ ಪೂರ್ವ-ಪಶ್ಚಿಮ ನೋಡಿದರೆ ಅದರ ಮೇಲಿನದು ಉತ್ತರ-ದಕ್ಷಿಣ ನೋಡುತ್ತದೆ. ಯಾವ ಜೋಡಿಯ ಮೇಲೆ ಕತ್ತರಿಸುತ್ತೀರೋ ಆ ಎರಡು ಎಲೆಗಳ ಬುಡದಿಂದ ಎರಡು ಹೊಸ ಟೊಂಗೆ ಹೊರಡುತ್ತವೆ. ಬೋನ್ಸಾಯ್ ವಿದ್ಯೆಯ ಅರ್ಧ ಇಷ್ಟರಲ್ಲೇ ಇದೆ. ಟೊಂಗೆ ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿನ ಜೋಡಿ ನೋಡಿ ಅದರ ಮೇಲೆ ಕತ್ತರಿಸಿ. ಬಂದ ಎರಡೂ ಟೊಂಗೆ ನಾಲ್ಕೈದು ಜೋಡಿ ಎಲೆ ಬಿಟ್ಟಾಗ ಮತ್ತೆ ಮೊದಲ ಜೋಡಿಗೆ ತಂದು ಕತ್ತರಿಸಿ. ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ, ಎರಡು ಮೂರು ವರ್ಷದಲ್ಲಿ ಆಲದ ಮರದಂತೆ ತಲೆ ತುಂಬುತ್ತದೆ. ಅಡ್ಡಾದಿಡ್ಡಿ ಬಂದದ್ದನ್ನೂ ಒಳಮುಖವಾಗಿ ಬೆಳೆದದ್ದನ್ನೂ ಬುಡಕ್ಕೆ ತೆಗೆಯಿರಿ.

ಕಾಂಡ ದಪ್ಪಗಾಗುವ ತನಕ ಅಗಲ ತಟ್ಟೆಗೆ ಹಾಕುವ ಅವಸರ ಬೇಡ. ಎರಡು ಮೂರು ವರ್ಷ ಸ್ವಲ್ಪ ಆಳದ ಕುಂಡದಲ್ಲಿ ಬೆಳೆಯಲಿ. ತಟ್ಟೆಗೆ ಹೋದ ಮೇಲೆ ಕಾಂಡ ನಿಧಾನವಾಗಿ ದಪ್ಪಗಾಗುತ್ತದೆ.

ಟೊಂಗೆ ಬಾಗಿಸಲು ಅಲ್ಯೂಮಿನಿಯಂ ತಂತಿ ಸುತ್ತುತ್ತಾರೆ. ಜೇಡ್ ಟೊಂಗೆಯಲ್ಲಿ ನೀರೇ ಹೆಚ್ಚು, ನೀರುಂಡ ಟೊಂಗೆ ಸೌತೆಕಾಯಿಯಂತೆ ಪಟ್ಟನೆ ಮುರಿಯುತ್ತದೆ. ತಂತಿ ಸುತ್ತುವ ಮುನ್ನ ಎಂಟು ಹತ್ತು ದಿನ ನೀರು ನಿಲ್ಲಿಸಿದರೆ ಟೊಂಗೆ ಮೆತ್ತಗಾಗಿ ಮಾತು ಕೇಳುತ್ತದೆ. ತಂತಿ ಬೇಗ ತೊಗಟೆಯಲ್ಲಿ ಹೂತುಹೋಗುವುದರಿಂದ ವಾರಕ್ಕೊಮ್ಮೆ ನೋಡಿ, ಗುರುತು ಬೀಳುವ ಮೊದಲೇ ಬಿಚ್ಚಿಬಿಡಿ.

ತಟ್ಟೆಯ ಕೆಳಗೆ ದೊಡ್ಡ ತೂತು ಎರಡಾದರೂ ಇರಬೇಕು. ತೂತಿನ ಮೇಲೆ ಸೊಳ್ಳೆ ಜಾಳಿಗೆಯ ತುಂಡು ಇಟ್ಟರೆ ನೀರು ಹೋಗುತ್ತದೆ, ಗರಸು ಹೋಗುವುದಿಲ್ಲ.

ನಮ್ಮ ಓಣಿಯ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು, "ಅಜ್ಜಾರ, ಹಿಂಗ ಕತ್ತರಿಸಿದ್ರ ಗಿಡಕ್ಕ ಪಾಪ ನೋವಾಗೂದಿಲ್ಲೇನ್ರಿ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನಾನು ಅವಳಿಗೆ ಆಫ್ರಿಕದ ಆನೆಯ ಕಥೆ ಹೇಳಿದೆ. ಆನೆ ಈ ಗಿಡವನ್ನು ಮೇಲಿನಿಂದ ಮೇಯುತ್ತ ಬರುತ್ತದೆ. ಕೆಳಗೆ ಉಳಿದದ್ದು ಮತ್ತೆ ಚಿಗುರುತ್ತದೆ. ಸೊಂಡಿಲಿನಿಂದ ಜಾರಿ ನೆಲಕ್ಕೆ ಬಿದ್ದ ಟೊಂಗೆ ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಸಾವಿರಾರು ವರ್ಷಗಳಿಂದ ಆನೆಯ ಜೊತೆ ಬದುಕಿದ ಗಿಡಕ್ಕೆ ನಮ್ಮ ಸಣ್ಣ ಕತ್ತರಿ ದೊಡ್ಡದಲ್ಲ. "ಹಂಗಾರ ನೀವು ಆನಿ ಕೆಲಸ ಮಾಡ್ತೀರಿ" ಎಂದು ನಕ್ಕಳು.

ಲಕ್ಷ್ಮಿ ಮುನಿದಳೇ?

ಜೇಡ್ ಗಿಡಕ್ಕೆ ಹಣದ ಗಿಡ ಎಂಬ ಹೆಸರೂ ಇದೆ. ದುಂಡನೆಯ ಎಲೆ ನಾಣ್ಯದಂತೆ ಕಾಣುವುದರಿಂದ ಹುಟ್ಟಿದ ನಂಬಿಕೆ ಅದು. ನಾವು ಬಾಟಲಿಯಲ್ಲಿ ಬೆಳೆಸುವ ಬಳ್ಳಿ ಮನಿ ಪ್ಲಾಂಟ್ ಬೇರೆ, ಇದು ಬೇರೆ. ಚೀನಾದ ಫೆಂಗ್ ಶೂಯಿ ಹೆಸರಿನಲ್ಲಿ 'ಬಾಗಿಲ ಬಳಿ ಇಟ್ಟರೆ ದುಡ್ಡು ಬರುತ್ತದೆ' ಎಂದು ಹೇಳಿ ಮಾರುವವರಿದ್ದಾರೆ. ಹಾಗೆ ನಂಬಿ ಸಂತೋಷಪಡುವುದರಲ್ಲಿ ದೊಡ್ಡ ಕೇಡಿಲ್ಲ. ಆದರೆ ಗಿಡ ಬಂದರೆ ಲಕ್ಷ್ಮಿ ಬಂದಳು ಎಂದವರು, ಗಿಡ ಒಣಗಿದರೆ ಲಕ್ಷ್ಮಿ ಹೋದಳು ಎನ್ನುತ್ತಾರೆ. ತೊಂದರೆ ಇರುವುದು ಅಲ್ಲಿ.

ಪರಿಚಯದ ಒಂದು ಮನೆಯಲ್ಲಿ ಹಾಗೇ ಆಯಿತು. ಹೊಸ ಸೊಸೆಗೆ ಅವಳ ಗೆಳತಿಯರು ಚಂದದ ಪಿಂಗಾಣಿ ಕುಂಡದಲ್ಲಿ ಜೇಡ್ ಗಿಡ ಕೊಟ್ಟಿದ್ದರು. ಶ್ರಾವಣದ ಹೊತ್ತಿಗೆ ಎಲೆಗಳೆಲ್ಲ ಹಳದಿಯಾಗಿ ಉದುರಿದವು. ಅದೇ ತಿಂಗಳು ಮಗನ ಅಂಗಡಿಯ ವ್ಯಾಪಾರವೂ ಕುಸಿದಿತ್ತು. ಎರಡನ್ನೂ ಜೋಡಿಸಿ ಮನೆಯಲ್ಲಿ ಮಾತು ಶುರುವಾಯಿತು. "ಕೈಗುಣಾನೂ ಇರಬೇಕಲ್ರೀ" ಎಂದು ಅತ್ತೆ ಬಂದವರೆದುರು ಹೇಳತೊಡಗಿದರು. ಸೊಸೆ ಕುಂಡ ಹಿಡಿದುಕೊಂಡು ನಮ್ಮ ಮನೆಗೆ ಬಂದಾಗ ಅವಳ ಕಣ್ಣು ತುಂಬಿತ್ತು. "ಕಾಕಾರ, ನಾ ಒಂದ್ ದಿನಾನೂ ತಪ್ಪಿಸಿಲ್ರಿ, ದಿನಾ ಒಂದ್ ಚರಗಿ ನೀರು ಹಾಕೇನ್ರಿ" ಎಂದಳು. "ಅದೇ ಆಗೈತಿ ನೋಡವಾ" ಎಂದೆ.

ಕುಂಡ ಬೋರಲು ಹಾಕಿದೆವು. ಕೆಳಗೆ ತೂತೇ ಇರಲಿಲ್ಲ. ಬೇರು ಕಪ್ಪಾಗಿ ಕೊಳೆತು ನಾರುತ್ತಿತ್ತು. ಕಾಂಡವನ್ನು ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋದೆ. ಒಳಗಿನ ಕಂದು ಬಣ್ಣ ಮುಗಿದು ಸ್ವಚ್ಛ ಹಸಿರು ಸಿಗುವವರೆಗೆ ಕತ್ತರಿಸಬೇಕು. ಮೇಲಿನ ಐದು ತುಂಡು ಗಟ್ಟಿಯಾಗಿದ್ದವು. ಅವನ್ನು ಹತ್ತು ದಿನ ಒಣಗಿಸಿ ಅವಳ ಕೈಯಿಂದಲೇ ನೆಡಿಸಿದೆ. ನಾಲ್ಕು ಚಿಗುರಿದವು. ಕುಂಡಗಳನ್ನು ತಲುಪಿಸಲು ಹೋದಾಗ ಅತ್ತೆಗೆ ಆ ಪಿಂಗಾಣಿ ಕುಂಡವನ್ನು ತಿರುಗಿಸಿ ತೋರಿಸಿದೆ. "ಅಕ್ಕಾರ, ಲಕ್ಷ್ಮಿ ಎಲ್ಲೂ ಹೋಗಿಲ್ರಿ. ನೀರಿಗೆ ಹೋಗಾಕ ದಾರಿ ಇದ್ದಿಲ್ಲ, ಅಷ್ಟ" ಎಂದೆ. ಅವರು ಮಾತಾಡಲಿಲ್ಲ. ಮರುದಿನ ಒಂದು ಕುಂಡವನ್ನು ತಾವೇ ತಮ್ಮ ಕೋಣೆಯ ಕಿಟಕಿಗೆ ಒಯ್ದಿಟ್ಟುಕೊಂಡರಂತೆ. ಬ್ಯಾಂಕಿನ ಕೌಂಟರಿನಲ್ಲಿ ಕೂತು ಪಾಸ್‌ಬುಕ್ ಬರೆದವನು ನಾನು. ಯಾರ ಖಾತೆಯಲ್ಲೂ ಗಿಡದಿಂದ ದುಡ್ಡು ಜಮಾ ಆದದ್ದನ್ನು ಕಾಣಲಿಲ್ಲ, ಗಿಡದಿಂದ ಖರ್ಚು ಬಿದ್ದದ್ದನ್ನೂ ಕಾಣಲಿಲ್ಲ.

ಗಿಡ ಏನು ಹೇಳುತ್ತಿದೆ ಎಂದು ತಿಳಿಯಲು ಎಲೆ ಮುಟ್ಟಿ ನೋಡಿದರೆ ಸಾಕು. ಎಲೆ ಸುಕ್ಕಾಗಿ ತೆಳ್ಳಗಾಗಿದ್ದು, ಕುಂಡದ ಮಣ್ಣೂ ಒಣಗಿದ್ದರೆ ನೀರು ಬೇಕಾಗಿದೆ, ಕೊಟ್ಟರೆ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಮಣ್ಣು ಹಸಿಯಿದ್ದೂ ಎಲೆ ಹಳದಿಯಾಗಿ ಮೆತ್ತಗಾಗಿ ಮುಟ್ಟಿದರೆ ಉದುರಿದರೆ ನೀರು ಹೆಚ್ಚಾಗಿದೆ. ಅನುಮಾನವಿದ್ದರೆ ಒಂದು ಒಣ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿಯ ತುದಿ ಹಸಿಯಾಗಿದ್ದರೆ ನೀರು ಬೇಡ. ಒಣಗಿದ್ದರೆ ಮಾತ್ರ, ತೂತಿನಿಂದ ಹೊರಬರುವಷ್ಟು ತುಂಬ ಹಾಕಿ. ದಿನಾ ಚೂರು ಚೂರು ಹಾಕುವುದಕ್ಕಿಂತ ಇದು ಒಳ್ಳೆಯದು.

ಮಳೆ ನಕ್ಷತ್ರದ ಲೆಕ್ಕ

ನಮ್ಮ ರೈತರು ವರ್ಷವನ್ನು ಅಳೆಯುವುದು ಮಳೆಯ ನಕ್ಷತ್ರಗಳಿಂದ. ಜೇಡ್ ಗಿಡಕ್ಕೂ ಅದೇ ಪಂಚಾಂಗ ಹೊಂದುತ್ತದೆ.

ಯುಗಾದಿಯ ಸುಮಾರಿಗೆ ಕುಂಡ ಬದಲಿಸಿ. ತಟ್ಟೆಯ ಗಿಡಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಇದು ಬೇಕು. ಗಿಡ ಕಿತ್ತು, ಹಳೆಯ ಮಣ್ಣು ಉದುರಿಸಿ, ಬೇರಿನ ಮೂರನೇ ಒಂದು ಪಾಲು ಕತ್ತರಿಸಿ, ಹೊಸ ಒಣ ಮಿಶ್ರಣದಲ್ಲಿ ಕೂರಿಸಿ. ಒಂದು ವಾರ ನೀರಿಲ್ಲ, ನೆರಳಿನಲ್ಲಿರಲಿ. ಕತ್ತರಿಸಿದ ಬೇರಿಗೂ ಹಕ್ಕಳೆ ಕಟ್ಟಬೇಕಲ್ಲ!

ಏಪ್ರಿಲ್, ಮೇ ಬಿಸಿಲಿನಲ್ಲಿ ಸಣ್ಣ ತಟ್ಟೆ ಕಾದು ಹೆಂಚಾಗುತ್ತದೆ. ಮಧ್ಯಾಹ್ನದ ನಂತರ ನೆರಳು ಕೊಡಿ. ನೀರು ನಾಲ್ಕೈದು ದಿನಕ್ಕೊಮ್ಮೆ, ಸಂಜೆ ಹೊತ್ತು.

ರೋಹಿಣಿ, ಮಿರಗದ ಮೊದಲ ಮಳೆಯಲ್ಲಿ ಗಿಡ ಒಮ್ಮೆ ಚೆನ್ನಾಗಿ ತೊಯ್ಯಲಿ. ಎಲೆಯ ಧೂಳು ತೊಳೆಯುತ್ತದೆ, ಮಣ್ಣಿನ ಉಪ್ಪು ಇಳಿಯುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗಿನ ಜಿಟಿಜಿಟಿ ಮಳೆ ಮಾತ್ರ ಆಗದು. ಬಿಸಿಲಿಲ್ಲದ ಹಸಿಯೇ ಇದಕ್ಕೆ ದೊಡ್ಡ ಶತ್ರು. ಕುಂಡಗಳನ್ನು ಚಜ್ಜಾದ ಕೆಳಗೆ, ಬೆಳಕು ಬರುವ ಕಡೆ ಸರಿಸಿ. ಮಲೆನಾಡಿಗೆ ತಾಗಿದ ಕಲಘಟಗಿ ಕಡೆಯವರು ಇದನ್ನು ಇನ್ನೂ ಮೊದಲೇ ಮಾಡಬೇಕು. ಅಲ್ಲಿ ಮಳೆ ನಮಗಿಂತ ಬಹಳ ಹೆಚ್ಚು. ಅವರ ಕೆಂಪು ಮಣ್ಣು ಎರಿಯಷ್ಟು ಅಂಟಲ್ಲವಾದರೂ ಗರಸು ಬೆರೆಸದೆ ಬಳಸಬಾರದು. ಆಷಾಢದ ಗಾಳಿಗೆ ತಟ್ಟೆಗಳು ಹಾರಿ ಬೀಳದಂತೆ ಗೋಡೆಯ ಮಗ್ಗುಲಿಗಿಡಿ.

ಉತ್ತರಾ, ಹಸ್ತಾ, ಚಿತ್ತಾ ಕಾಲದಲ್ಲಿ ಬಿಸಿಲೂ ಇರುತ್ತದೆ, ಗಾಳಿಯಲ್ಲಿ ತಂಪೂ ಇರುತ್ತದೆ. ಗಿಡ ಭರಭರನೆ ಬೆಳೆಯುತ್ತದೆ. ಟೊಂಗೆ ಚಿವುಟಲು, ಹೊಸ ತುಂಡು ನೆಡಲು ಇದು ಸಕಾಲ. ತಿಂಗಳಿಗೊಂದು ಚಮಚ ಎರೆಹುಳು ಗೊಬ್ಬರ ಸಾಕು.

ದೀಪಾವಳಿ ಕಳೆದು ಚಳಿ ಹಿಡಿದ ಮೇಲೆ ಗಿಡ ನಿದ್ದೆಗೆ ಹೋದಂತೆ ನಿಧಾನವಾಗುತ್ತದೆ. ಹತ್ತು ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟರೆ ಸಾಕು. ಸಂಕ್ರಾಂತಿಯ ಹೊತ್ತಿಗೆ ಎಲೆಯ ಅಂಚು ಕೆಂಪಗಾದರೆ ಹೆದರಬೇಡಿ. ಚಳಿ, ಬಿಸಿಲು ಸೇರಿ ಬಳಿದ ಬಣ್ಣ ಅದು.

ಬಿಳಿ ಹತ್ತಿಯಂಥ ಹಿಟ್ಟು ತಿಗಣೆ ಟೊಂಗೆಯ ಸಂದಿಯಲ್ಲಿ ಕಂಡರೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಿರಿ. ಹೆಚ್ಚಾಗಿದ್ದರೆ ಒಂದು ಲೀಟರ್ ನೀರಿಗೆ ಅರ್ಧ ಚಮಚ ಬೇವಿನ ಎಣ್ಣೆ, ಎರಡು ಹನಿ ಸಾಬೂನು ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಮೊದಲು ಒಂದು ಟೊಂಗೆಗೆ ಹಾಕಿ ಎರಡು ದಿನ ನೋಡಿ. ಎಲೆ ಸುಡದಿದ್ದರೆ ಮಾತ್ರ ಉಳಿದದ್ದಕ್ಕೆ.

ಕೈಯಿಂದ ಕೈಗೆ

ಬೆರಳ ದಪ್ಪದ ಟೊಂಗೆಯೊಂದು ಬೋನ್ಸಾಯ್ ಎನ್ನಿಸಿಕೊಳ್ಳಲು ಐದಾರು ವರ್ಷ ಬೇಕು. "ಅಜ್ಜಾರ, ಈ ವಯಸ್ಸಿನ್ಯಾಗ ಹೊಸ ಟೊಂಗಿ ನೆಡ್ತೀರಲ್ರಿ" ಎಂದು ಕೆಲವರು ನಗುತ್ತಾರೆ. ಎಪ್ಪತ್ತು ದಾಟಿದವನು ನೆಟ್ಟರೇನು, ಏಳು ವರ್ಷದವಳು ನೀರು ಹಾಕಲು ಇದ್ದಾಳಲ್ಲ!

ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಾಲಯದಲ್ಲಿ ಒಂದು ಬಿಳಿ ಪೈನ್ ಮರವಿದೆ. ಜಪಾನಿನ ಯಮಾಕಿ ಮನೆತನದ್ದು. 1625ರಿಂದ ಅದು ಕುಂಡದಲ್ಲಿದೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದಾಗ ಆ ಮರ ಸುಮಾರು ಮೂರು ಕಿಲೋಮೀಟರ್ ದೂರದ ಯಮಾಕಿ ಅವರ ತೋಟದಲ್ಲಿ, ಗೋಡೆಯ ಮರೆಯಲ್ಲಿತ್ತು. ಮರವೂ ಉಳಿಯಿತು, ಮನೆಯವರೂ ಉಳಿದರು. 1976ರಲ್ಲಿ ಮಸಾರು ಯಮಾಕಿ ಅದನ್ನು ಅಮೆರಿಕಕ್ಕೆ, ಅಂದರೆ ಬಾಂಬ್ ಹಾಕಿದ ದೇಶಕ್ಕೇ, ಉಡುಗೊರೆಯಾಗಿ ಕೊಟ್ಟರು. 2001ರಲ್ಲಿ ಅವರ ಮೊಮ್ಮಕ್ಕಳು ಮರ ನೋಡಲು ಬಂದು ಹೇಳಿದಾಗಲೇ, ಅದು ಹಿರೋಷಿಮಾದಲ್ಲಿ ಬದುಕಿ ಉಳಿದ ಮರ ಎಂಬುದು ಸಂಗ್ರಹಾಲಯದವರಿಗೆ ಗೊತ್ತಾದದ್ದು. ಸುಮಾರು ನಾನೂರು ವರ್ಷಗಳಲ್ಲಿ ಎಷ್ಟೋ ಕೈಗಳು ಅದಕ್ಕೆ ನೀರು ಹಾಕಿವೆ. ಯಾರೊಬ್ಬರೂ ಅದನ್ನು ಪೂರ್ತಿ ಮಾಡಿ ಮುಗಿಸಲಿಲ್ಲ.

ಆದ್ದರಿಂದ ಮಕ್ಕಳೇ, ಜೇಡ್ ಟೊಂಗೆ ನೆಟ್ಟ ದಿನವೇ ಒಂದು ನಲವತ್ತು ಪುಟದ ನೋಟುಪುಸ್ತಕವನ್ನೂ ಶುರು ಮಾಡಿ. ನೆಟ್ಟ ತಾರೀಖು, ಟೊಂಗೆ ಕೊಟ್ಟವರ ಹೆಸರು, ನೀರು ಹಾಕಿದ ದಿನ, ಚಿವುಟಿದ ದಿನ, ಕುಂಡ ಬದಲಿಸಿದ ವರ್ಷ ಎಲ್ಲ ಬರೆಯಿರಿ. ವರ್ಷಕ್ಕೊಮ್ಮೆ ಯುಗಾದಿಯಂದು ಕಾಂಡಕ್ಕೆ ದಾರ ಸುತ್ತಿ ದಪ್ಪ ಅಳೆದು ಗುರುತಿಸಿ. ರಜೆಗೆ ಊರಿಗೆ ಹೋದರೆ ಪಕ್ಕದ ಮನೆಯವರಿಗೆ ಗಿಡದ ಜೊತೆ ಪುಸ್ತಕವನ್ನೂ ಕೊಟ್ಟು ಹೋಗಿ. ಹೋದ ಸಲ ನೀರು ಹಾಕಿದ್ದು ಯಾವಾಗ ಎಂದು ಅದರಲ್ಲಿ ನೋಡಿದರೆ ಅವರು ಪ್ರೀತಿಯಿಂದ ಇನ್ನೊಂದು ಚರಗಿ ಸುರಿಯುವುದಿಲ್ಲ. ನನ್ನ ಏಳು ತಟ್ಟೆಗಳಿಗೂ ಒಂದೊಂದು ಪುಸ್ತಕವಿದೆ. ಎರಡು ಪುಸ್ತಕಗಳಲ್ಲಿ ಈಗಾಗಲೇ ಅಕ್ಷರ ಬದಲಾಗಿದೆ. ದುಂಡಗಿನ, ಸ್ವಲ್ಪ ಸೊಟ್ಟ, ನಾಲ್ಕನೇ ತರಗತಿಯ ಅಕ್ಷರ.